ಮಾತಿಗೆ ಕಾವು

ಎರಡು ವರ್ಷಗಳಿಂದ ಇಂದುಮತಿ ಕಟಗೇರಿಯವರ ಬಾಯಲ್ಲಿ ಉಳಿದಿದ್ದದ್ದು ಒಂದೇ ಮಾತು: "ಇಲ್ಲಿಗೆ ಸಾಕು."

ಧಾರವಾಡದ ವಿಶ್ವವಿದ್ಯಾಲಯದಲ್ಲಿ ಮೂರು ದಶಕ ಭೌತಶಾಸ್ತ್ರ ಕಲಿಸಿದವರು ಅವರು. ಪ್ರತಿ ತರಗತಿಯ ಕೊನೆಗೆ ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಝಾಡಿಸುತ್ತ ಹೀಗೆನ್ನುವುದು ಅವರ ರೂಢಿ. ಒಂದು ಬೆಳಿಗ್ಗೆ ಮಿದುಳಿನ ಎಡಭಾಗದ ರಕ್ತನಾಳವೊಂದು ಕಟ್ಟಿಕೊಂಡು ಬಚ್ಚಲ ಬಾಗಿಲಲ್ಲೇ ಕುಸಿದರು. ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು. ಆಡುವ ಮಾತುಗಳೆಲ್ಲ ಹೋಗಿ ಇದೊಂದು ಮಾತ್ರ ನಾಲಗೆಗೆ ಅಂಟಿಕೊಂಡಿತು. ಹಸಿವಾದರೂ "ಇಲ್ಲಿಗೆ ಸಾಕು", ಸಿಟ್ಟು ಬಂದರೂ "ಇಲ್ಲಿಗೆ ಸಾಕು". ನೋಡಲು ಬಂದವರಿಗೆ ಕೂತುಕೊಳ್ಳಿ ಎನ್ನಲು ಹೋದರೂ ಅದೇ ಹೊರಬೀಳುತ್ತಿತ್ತು. ಗೊತ್ತಿಲ್ಲದವರು ಮುಜುಗರಪಟ್ಟು ಎದ್ದುಬಿಡುತ್ತಿದ್ದರು. ಆಗ ಅವರ ಗಂಡ, ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ವಸಂತ ಮಾಸ್ತರು, ಗೇಟಿನವರೆಗೆ ಓಡಿಹೋಗಿ, "ಹೋಗಬ್ಯಾಡ್ರಿ, ಕೂಡ್ರಿ ಅಂತ ಅನ್ಲಿಕತ್ತಾಳ್ರೀ ಆಕಿ," ಎಂದು ಮರಳಿ ಕರೆತರುತ್ತಿದ್ದರು.

ಹಾಗೆ ಎದ್ದುಹೋಗದೆ ಪ್ರತಿ ರವಿವಾರ ಆ ಮನೆಯ ಪಡಸಾಲೆಯಲ್ಲಿ ಕೂರುತ್ತಿದ್ದವಳು ಜೈತೂನ್ ನದಾಫ್.

ಜೈತೂನ್ ಊರ ಹಳೆಯ ಭಾಗದಲ್ಲಿ ಗಾದಿ ಮಾಡುವವರ ಓಣಿಯವಳು. ಅಪ್ಪ ಇಮಾಮಸಾಬ ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿದು ಮಗಳನ್ನು ಓದಿಸಿದವನು. ಕನ್ನಡ ಶಾಲೆಯಲ್ಲಿ ಕಲಿತು, ಪದವಿಯನ್ನು ಬಾಯಿಪಾಠದ ಬಲದಿಂದ ದಾಟಿದ ಜೈತೂನ್ ಎಂ.ಎಸ್ಸಿ.ಗೆ ಬಂದಾಗ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಎಂಬ ವಿಷಯ ಅವಳನ್ನು ಅಡ್ಡಗಟ್ಟಿ ನಿಲ್ಲಿಸಿತು. ಮೊದಲ ಕಿರುಪರೀಕ್ಷೆಯಲ್ಲಿ ತನ್ನ ಹೆಸರು ಬರೆದು, ಕೆಳಗೊಂದು ಡಬ್ಬಿಯ ಚಿತ್ರ ತೆಗೆದು, ಅದರೊಳಗೆ ಒಂದಿಷ್ಟು ಚುಕ್ಕೆ ಇಟ್ಟು ಎದ್ದುಬಂದಿದ್ದಳು. ಕಾಲೇಜು ಬಿಡುವುದೆಂದೇ ನಿಶ್ಚಯಿಸಿದ್ದಳು.

ಕಟಗೇರಿ ಮೇಡಂ ಕರೆಸಿದರು. ಉತ್ತರಪತ್ರಿಕೆಯನ್ನು ಮುಂದಿಟ್ಟು, "ಈ ಚುಕ್ಕಿ ಯಾಕ ಎಲ್ಲಾ ಕಡೆ ಹರಡಿದಿ? ಒಂದ ಮೂಲ್ಯಾಗ ಯಾಕ ಇಡ್ಲಿಲ್ಲ?" ಎಂದು ಕೇಳಿದರು.

"ಗಾಳಿ ಒಂದ ಮೂಲ್ಯಾಗ ಕೂಡೂದಿಲ್ಲಲ್ರೀ ಮೇಡಂ."

"ಹಂಗಾರ ನಿಂಗ ವಿಷಯ ಗೊತ್ತದ. ಗೊತ್ತಿಲ್ಲದ್ದು ಇಂಗ್ಲಿಷು. ರವಿವಾರ ಮನಿಗೆ ಬಾ."

ಆ ಪಡಸಾಲೆಯ ಗೋಡೆಯಲ್ಲೊಂದು ಕರಿಹಲಗೆ ಇತ್ತು. ಒಂದು ವರ್ಷ ರವಿವಾರಗಳಂದು ಅಲ್ಲಿ ಮೇಡಂ ಇಡೀ ವಿಷಯವನ್ನು ಕನ್ನಡದಲ್ಲಿ ಬಿಡಿಸಿಟ್ಟರು. "ನೋಡವ್ವಾ, ಈ ಖೋಲ್ಯಾಗಿನ ಗಾಳಿ ಹ್ಯಾಂಗ ಹ್ಯಾಂಗ ಇರಬಹುದೋ, ಅಷ್ಟೂ ರೀತಿಗೆ ಒಂದೊಂದು ಓಟು. ಭಾಳ ಶಕ್ತಿ ಬೇಡೋ ರೀತಿ ಇರ್ತದಲ್ಲ, ಅದರ ಓಟಿಗೆ ತೂಕ ಕಡಿಮಿ. ತಾಪ ಏರಿದಂಗೆಲ್ಲಾ ಹಿಂದ ಕೂತವರ ಓಟಿಗೂ ತೂಕ ಬರ್ತದ. ಎಲ್ಲಾ ಓಟು ಕೂಡಿಸು. ಆ ಮೊತ್ತ ಒಂದು ಸಿಕ್ತಂದ್ರ ಉಳಿದದ್ದೆಲ್ಲಾ ಅದರ ಹೊಟ್ಟ್ಯಾಗ ಅದ." ವಸಂತ ಮಾಸ್ತರು ಅವಲಕ್ಕಿ ತಂದಿಟ್ಟು, "ನಮ್ಮ ಸಾಲ್ಯಾಗ ಏಳರ ಮಗ್ಗಿ ಕಲಿಸಿದ್ರ ಮುಗೀತಿತ್ತು. ಇವು ಎಂಥ ಲೆಕ್ಕನೋ ಮಾರಾಯ್ತಿ," ಎಂದು ಹೆಂಡತಿಯನ್ನು ಕೆಣಕುತ್ತಿದ್ದರು.

ಜೈತೂನ್ ಪಾಸಾದಳು. ಆಮೇಲೆ ಗಾಜಿನಂಥ ವಸ್ತುಗಳ ಮೇಲೆ ಪಿಎಚ್.ಡಿ. ಮಾಡಿದಳು. ಕಾದು ಕರಗಿದ್ದನ್ನು ಬೇಗ ಆರಿಸಿದರೆ ಸರಿಯಾದ ಜಾಗ ಸೇರುವ ಮೊದಲೇ ಅಣುಗಳು ಎಲ್ಲೆಂದರಲ್ಲಿ ಸಿಕ್ಕಿಬೀಳುತ್ತವೆ, ಅದೇ ಗಾಜು. ಮತ್ತೆ ಕಾಯಿಸಿ ನಿಧಾನವಾಗಿ ಆರಿಸಿದರೆ ಸಿಕ್ಕು ಬಿಡುತ್ತದೆ. ಮಿದುಳಿನ ಜಾಲವೂ ಹಾಗೆ ಒಂದೇ ಸ್ಥಿತಿಯಲ್ಲಿ ಸಿಕ್ಕಿಬಿದ್ದರೆ ಅದನ್ನೂ ಬಿಡಿಸಬಹುದೇ? ಆ ಪ್ರಶ್ನೆ ಹಿಡಿದು ಅವಳು ಹುಬ್ಬಳ್ಳಿಯ ಒಂದು ನರವಿಜ್ಞಾನ ಸಂಶೋಧನಾ ಕೇಂದ್ರ ಸೇರಿದ್ದು, ಮೇಡಂಗೆ ಪಾರ್ಶ್ವವಾಯು ಬಡಿಯುವುದಕ್ಕೆ ಬಹಳ ಮೊದಲೇ. ಯಾರಿಗಾಗಿ ಈ ಕೆಲಸ ಎಂದು ಆಗ ಅವಳಿಗೆ ತಿಳಿದಿರಲಿಲ್ಲ.

ಕೇಂದ್ರದ ಮುಖ್ಯಸ್ಥರು ಡಾ. ನೇಮಿನಾಥ ಚೌಗಲೆ. ಅವರ ತಂಡ ಕಟ್ಟಿದ ಉಪಕರಣ ನೋಡಲು ಚಳಿಗಾಲದ ಉಣ್ಣೆಯ ಕುಲಾಯಿಯಂತಿತ್ತು. ಒಳಗೆ ಕೂದಲೆಳೆಯಂಥ ತಂತಿಗಳು. ಮಾತು ಹುಟ್ಟುವ ಜಾಗದ ನರಕೋಶಗಳಿಗೆ ಅದು ತೀರಾ ಸಣ್ಣ, ಗೊತ್ತುಗುರಿಯಿಲ್ಲದ ವಿದ್ಯುತ್ ಮಿಡಿತಗಳನ್ನು ಕೊಡುತ್ತಿತ್ತು. ತಲೆ ಬಿಸಿಯಾಗುತ್ತಿರಲಿಲ್ಲ. ಆದರೆ ಭೌತಶಾಸ್ತ್ರದ ಕಣ್ಣಿಗೆ ತಾಪವೆಂದರೆ ಕದಲಾಟದ ಅಳತೆಯೇ ತಾನೆ? ಹಾಗಾಗಿ ಎಲ್ಲರೂ ಅದನ್ನು 'ಕಾವು' ಎಂದು ಕರೆಯುತ್ತಿದ್ದರು.

ವಸಂತ ಮಾಸ್ತರರಿಗೆ ಜೈತೂನ್ ಅದನ್ನು ಅವರ ಅಡುಗೆಮನೆಯಲ್ಲೇ ತಿಳಿಸಿ ಹೇಳಿದಳು. ಬಿದ್ದು ಬಿದ್ದು ತಗ್ಗುಬಿದ್ದ ಅಲ್ಯುಮಿನಿಯಂ ತಾಟೊಂದಿತ್ತು. ಅದರಲ್ಲೊಂದು ಕಡಲೆಕಾಳು ಹಾಕಿದಳು.

"ಸರ್, ಕಾಳು ಈ ಆಳದ ತಗ್ಗಿನ್ಯಾಗ ಕೂತದ ನೋಡ್ರಿ. ಇದು 'ಇಲ್ಲಿಗೆ ಸಾಕು'. ತಾಟು ಸ್ವಲ್ಪ ಅಲ್ಲಾಡಿಸಿದ್ರ ಮತ್ತ ಅಲ್ಲೇ ಬರ್ತದ. ಜೋರ ಅಲ್ಲಾಡಿಸಿದ್ರ ಜಿಗಿದು ಬ್ಯಾರೆ ತಗ್ಗಿಗೆ ಹೋಗ್ತದ. ಆಮ್ಯಾಲೆ ನಿಧಾನ ನಿಲ್ಲಿಸಬೇಕು."

ಮಾಸ್ತರರು ತಾಟನ್ನು ತಾವೇ ಹಿಡಿದು ಜೋರಾಗಿ ಅಲ್ಲಾಡಿಸಿದರು. ಕಾಳು ತಾಟು ಬಿಟ್ಟು ಹಾರಿ ಒಲೆಯ ಸಂದಿಗೆ ಬಿತ್ತು.

ಭಯವೂ ಅದೇ ಆಗಿತ್ತು. ಅದುವರೆಗೆ ಕಾವು ಕೊಟ್ಟ ರೋಗಿಗಳಲ್ಲಿ ಹಲವರು ಚೇತರಿಸಿಕೊಂಡಿದ್ದರು. ಆದರೆ ಗದಗಿನ ಒಬ್ಬ ಟೇಲರನಿಗೆ ಮಾತು ಬಂದ ಹಿಂದೆಯೇ ಕೈಯ ಅಳತೆ ಹೋಗಿತ್ತು. ಕತ್ತರಿ ಹಿಡಿದು ಬಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದ. ಅವನ ತಗ್ಗು ಆಳವಿತ್ತು, ಕಾವು ಹೆಚ್ಚು ಕೊಡಬೇಕಾಯಿತು, ಪಕ್ಕದ ತಗ್ಗೊಂದು ಕರಗಿ ಸಮವಾಗಿಬಿಟ್ಟಿತು. ಮೇಡಂ ಅವರ ತಗ್ಗು ಅದಕ್ಕಿಂತ ಆಳವೆಂದು ಜೈತೂನಳ ಲೆಕ್ಕ ಹೇಳುತ್ತಿತ್ತು.

ಮತ್ತು ಮೇಡಂ ಅವರ ಮಿದುಳಿನಲ್ಲಿ ಕಳೆದುಕೊಳ್ಳಲು ಇನ್ನೂ ಒಂದು ದೊಡ್ಡ ಆಸ್ತಿಯಿತ್ತು. ಮಾತು ಹೋದರೂ ಅವರ ಗಣಿತ ಹೋಗಿರಲಿಲ್ಲ. ಕನ್ನಡವಾಗಲಿ ಇಂಗ್ಲಿಷಾಗಲಿ ಒಂದು ಪದ ಬರೆಯಲಾಗದವರು, ಜೈತೂನ್ ಕರಿಹಲಗೆಯ ಮೇಲೆ ಅರ್ಧ ಬಿಟ್ಟ ಸಮೀಕರಣವನ್ನು ಎಡಗೈಯಿಂದ, ಸೊಟ್ಟಪಟ್ಟ ಅಂಕಿಗಳಲ್ಲಿ, ಮುಗಿಸಿಬಿಡುತ್ತಿದ್ದರು. ಮುಗಿಸಿ, ಕಣ್ಣಲ್ಲೇ ನಗುತ್ತಿದ್ದರು. ಆ ರವಿವಾರಗಳಲ್ಲಿ ಅವರು ಪೂರ್ತಿ ಅವರೇ ಆಗಿರುತ್ತಿದ್ದರು.

"ಆಕಿ ನನ್ನ ಹೆಸರು ಹಿಡಿದು ಕರದು ಎರಡು ವರ್ಷಾತು," ಮಾಸ್ತರರು ಒಲೆಯ ಸಂದಿಯಿಂದ ಕಾಳನ್ನು ಹೆಕ್ಕುತ್ತ ಹೇಳಿದರು. "ಆದ್ರ ಆ ಲೆಕ್ಕಾನೂ ಹೋತಂದ್ರ ಆಕಿ ಹತ್ರ ಏನು ಉಳೀತದ? ನಾ ಹೇಳಲಾರೆನವ್ವಾ. ಆಕಿನ್ನ ಕೇಳು."

ಅಂದು ಸಂಜೆ ಜೈತೂನ್ ತನ್ನ ಮನೆಗೆ ಹೋದಾಗ ಇಮಾಮಸಾಬ ಮೇಡಂ ಅವರ ಗಾದಿಯನ್ನೇ ಬಿಚ್ಚಿ ಹತ್ತಿಯನ್ನು ಹಿಂಜುತ್ತಿದ್ದ. ಒಂದೇ ಮಗ್ಗುಲಲ್ಲಿ ಮಲಗುವವರಿಗೆ ಹುಣ್ಣಾಗಬಾರದೆಂದು ಅವನು ಆಗಾಗ ಅದನ್ನು ತಂದು, ಹಿಂಜಿ, ಮೆತ್ತಗೆ ಮಾಡಿ, ತಾನೇ ಹೊತ್ತು ಮುಟ್ಟಿಸಿ ಬರುತ್ತಿದ್ದ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

"ಅಪ್ಪಾ, ಮೇಡಂಗ ಕಾವು ಕೊಡೂದು ಅಂತ ಮಾತು ನಡದೈತಿ."

ಇಮಾಮಸಾಬ ಕೈ ನಿಲ್ಲಿಸಿದ. ಹುಬ್ಬಿನ ಮೇಲೂ ಹತ್ತಿಯ ಎಳೆಗಳು ಕೂತಿದ್ದವು. "ನಿನ್ನ ತಲಿಗೆ ಬೆಳಕ ಹಚ್ಚಿದ ತಾಯಿ ತಲಿಗೆ ನೀ ಕೈ ಹಾಕಾಕಿ. ಅಲ್ಲಾ ನಿನ್ನ ಕೈಗೆ ಸಬೂರಿ ಕೊಡಲಿ," ಎಂದ. ಅಷ್ಟು ಹೇಳಿ ಮತ್ತೆ ಹತ್ತಿಯ ಕಡೆ ತಿರುಗಿದ.

ಕೇಳುವುದು ಹೇಗೆ? ಊಟ ಬೇಕೆ, ಬಾಗಿಲು ಹಾಕಲೆ ಎಂದರೆ ಮೇಡಂ ತಲೆಯಾಡಿಸಿ ಉತ್ತರಿಸಬಲ್ಲರು. ಆದರೆ ಉದ್ದನೆಯ ಮಾತು ಅವರ ಕಿವಿಯಲ್ಲಿ ಕಲಸಿಹೋಗುತ್ತಿತ್ತು. ಇಂಥದ್ದು ಬರಬಹುದು, ಇಂಥದ್ದು ಹೋಗಬಹುದು ಎಂಬ ಮಾತಿಗೆ ಅವರ ತಲೆಯಾಟವನ್ನು ಒಪ್ಪಿಗೆ ಎನ್ನಲಾದೀತೆ? ಮುಂದಿನ ರವಿವಾರ ಜೈತೂನ್ ಕರಿಹಲಗೆಯ ಮುಂದೆ ನಿಂತು, ಮಾತಾಡದೆ, ಒಂದು ಗೆರೆ ಎಳೆದಳು. ಆಳವಾದ ಒಂದು ತಗ್ಗು, ಎತ್ತರದ ದಿಬ್ಬ, ಅದರಾಚೆ ಅಗಲವಾದ ಇನ್ನೊಂದು ತಗ್ಗು. ಮೊದಲ ತಗ್ಗಿನಲ್ಲಿ ಒಂದು ಚುಕ್ಕೆ ಇಟ್ಟು ಮೇಡಂ ಕಡೆ ಬೆರಳು ತೋರಿದಳು. ಎರಡನೆಯದರ ಮೇಲೆ ತೆರೆದ ಬಾಯಿಯ ಚಿತ್ರ ಬರೆದಳು. ಪಕ್ಕದಲ್ಲಿ ಮೂರನೆಯ ಒಂದು ತಗ್ಗು ಮಾಡಿ ಅದರ ಮೇಲೆ ಅವಕಲನ, ಅನುಕಲನದ ಚಿಹ್ನೆಗಳನ್ನು ಬರೆದಳು. ಕೆಳಗೆ ದಿಬ್ಬದ ಎತ್ತರ, ಬೇಕಾದ ತಾಪ, ಆ ತಾಪದಲ್ಲಿ ಮೂರನೆಯ ತಗ್ಗು ಉಳಿಯುವ ಸಂಭವ, ಎಲ್ಲವನ್ನೂ ಸಮೀಕರಣದಲ್ಲಿ ಇಟ್ಟಳು. ಕೊನೆಯ ಸಾಲಿನಲ್ಲಿ ಸಂಭವದ ಬೆಲೆ ಅರ್ಧಕ್ಕಿಂತ ಕೆಳಗಿತ್ತು. ಅದನ್ನು ಬರೆದು ಅವಳು ಪಕ್ಕಕ್ಕೆ ಸರಿದಳು.

ಮೇಡಂ ಗಾಲಿಕುರ್ಚಿಯಲ್ಲಿ ಮುಂದೆ ಬಾಗಿ ಬಹಳ ಹೊತ್ತು ನೋಡಿದರು. ಅನುಕಲನದ ಚಿಹ್ನೆಯ ಮೇಲೆ ಅವರ ಕಣ್ಣು ನಿಂತಿತು. ಅವರಿಗೆ ಎಲ್ಲ ತಿಳಿಯಿತೆಂದು ಜೈತೂನಳಿಗೂ ತಿಳಿಯಿತು. ಆಮೇಲೆ ಅವರು ಎಡಗೈ ಚಾಚಿದರು. ಮಾಸ್ತರರು ಕುರ್ಚಿಯನ್ನು ಹಲಗೆಯ ಹತ್ತಿರ ತಳ್ಳಿದರು.

ಮೇಡಂ ಜೈತೂನಳ ಕೊನೆಯ ಸಾಲನ್ನು ಅಂಗೈಯಿಂದ ಅಳಿಸಿಬಿಟ್ಟರು.

"ಬ್ಯಾಡ ಅಂತಾಳೇನು?" ಮಾಸ್ತರರು ಪಿಸುಗುಟ್ಟಿದರು.

ಬೇಡವೆಂದಿರಲಿಲ್ಲ. ಅಳಿಸಿದ ಜಾಗದಲ್ಲಿ ಅವರು ಹೊಸದೊಂದು ಚಿಹ್ನೆ ಸೇರಿಸಿದರು: ಒಂದು h, ಅದರ ಮುಂದೆ ಏರಿಳಿಯುವ ಅಲೆಯ ಗುರುತು. ಸಣ್ಣದೊಂದು ಬಾಹ್ಯ ಕ್ಷೇತ್ರ, ಅಂದರೆ ಹೊರಗಿನ ಒತ್ತು, ತಾಳಕ್ಕೆ ತಕ್ಕಂತೆ ಅತ್ತ ಒಮ್ಮೆ ಇತ್ತ ಒಮ್ಮೆ ವಾಲುವಂಥದ್ದು. ಮುಂದೆ ಸಾಲಿನ ಮೇಲೆ ಸಾಲು ಇಳಿಯತೊಡಗಿತು. ಸೀಮೆಸುಣ್ಣ ಎರಡು ಸಲ ಮುರಿಯಿತು. ಜೈತೂನ್ ಒಂದೊಂದೇ ಸಾಲನ್ನು ಓದುತ್ತ ಹೋದಳು. ತಾಟನ್ನು ಜೋರಾಗಿ ಅಲ್ಲಾಡಿಸುವುದು ಏಕೆ? ಮೆಲ್ಲಗೆ ಅಲ್ಲಾಡಿಸುತ್ತ, ಸರಿಯಾದ ಲಯದಲ್ಲಿ ಅಷ್ಟಷ್ಟೇ ಓರೆ ಮಾಡಿದರೆ, ಕಾಳು ಕಡಿಮೆ ಕದಲಾಟದಲ್ಲೇ ದಿಬ್ಬ ದಾಟುತ್ತದೆ. ಮೂರನೆಯ ತಗ್ಗು ಕರಗುವ ತಾಪದವರೆಗೆ ಹೋಗುವುದೇ ಬೇಡ. ರೋಗಿಯೇ ತನ್ನ ಚಿಕಿತ್ಸೆಯ ಲೆಕ್ಕ ಬಿಡಿಸಿದ್ದರು.

"ಇಲ್ಲಿಗೆ ಸಾಕು," ಎಂದು ಮೇಡಂ ಸೀಮೆಸುಣ್ಣ ಕೆಳಗಿಟ್ಟರು. ಅಂದು ಆ ಮಾತು ಸರಿಯಾದ ಜಾಗಕ್ಕೇ ಬಿದ್ದಿತ್ತು. ಮೂವರೂ ನಕ್ಕರು, ಮಾಸ್ತರರು ನಗುತ್ತ ನಗುತ್ತ ಕನ್ನಡಕ ತೆಗೆದು ಒರೆಸಿಕೊಂಡರು.

ಲಯ ಯಾವುದು ಎಂಬ ಪ್ರಶ್ನೆ ಉಳಿಯಿತು. ಬರೀ ವಿದ್ಯುತ್ತಿನ ಏರಿಳಿತಕ್ಕಿಂತ ಕಿವಿಯಿಂದಲೂ ಒಂದು ಪರಿಚಿತ ತಾಳ ಬಂದರೆ ಒಳ್ಳೆಯದೆಂದು ಡಾ. ಚೌಗಲೆ ಹೇಳಿದರು. ಮಾತಿನಲ್ಲಿರಬೇಕು, ಆದರೆ ಮೇಡಂ ಅವರ ಉಳಿದ ನೆಲ ಗಣಿತ, ಅದಕ್ಕೂ ಹತ್ತಿರವಿರಬೇಕು. ಹಾಗಂದರೆ ಮಗ್ಗಿ! ಜೈತೂನ್ ಹೇಳಿದ ಕೂಡಲೇ ಮಾಸ್ತರರ ಬೆನ್ನು ನೆಟ್ಟಗಾಯಿತು. ಅಂಗಿಯ ಗುಂಡಿ ಹಾಕಿಕೊಂಡು, "ಯಾವಾಗ ಬರಲಿ?" ಎಂದರು.

ಹುಬ್ಬಳ್ಳಿಯ ಕೇಂದ್ರದಲ್ಲಿ ಕೆಲಸ ಶುರುವಾಯಿತು. ಮೇಡಂ ತಲೆಗೆ ಕುಲಾಯಿ, ಎದುರಿಗೆ ಮಾಸ್ತರರು, ಗಾಜಿನ ಗೋಡೆಯಾಚೆ ಪರದೆಗಳ ಮುಂದೆ ಜೈತೂನ್ ಮತ್ತು ಡಾಕ್ಟರು. ಮೇಡಂ ಲೆಕ್ಕದ ಪ್ರಕಾರ ಕಾವು ಕಡಿಮೆ, ತಾಳ ಚುರುಕು. "ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು." ಮಾಸ್ತರರು ಪರದೆಯ ಮೇಲಿನ ದೀಪ ಮಿನುಗಿದಂತೆ ಸಾಲು ಹೇಳಬೇಕು, ಪ್ರತಿ ಸಾಲಿಗೆ ಕುಲಾಯಿಯ ಅಲೆಯೂ ಏರಿ ಇಳಿಯಬೇಕು. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರವೂ ಇಲ್ಲ. ಮನೆಗೆ ಮರಳುವ ದಾರಿಯಲ್ಲಿ ಮೇಡಂ ಕಾರಿನ ಕಿಟಕಿಗೆ ಹಣೆ ಹಚ್ಚಿ ಕೂರತೊಡಗಿದರು.

"ನೋಡ್ರಿ ಜೈತೂನ್," ಡಾ. ಚೌಗಲೆ ಒಂದು ಮಧ್ಯಾಹ್ನ ಹೇಳಿದರು. ಕೆಟ್ಟ ಮನುಷ್ಯರಲ್ಲ, ರೋಗಿಗಳ ಕಷ್ಟ ನೋಡಿ ನೋಡಿ ಅವಸರದವರಾಗಿದ್ದರು. "ನಿಮ್ಮ ಗುರುಗಳ ಬಗ್ಗೆ ನನಗೂ ಗೌರವ ಅದ. ಆದ್ರ ಗಾಯ ಆಗಿರೋ ಮಿದುಳು ಮಾಡಿದ ಲೆಕ್ಕ ಅದು. ಅದನ್ನ ನಂಬಿ ಎಷ್ಟು ದಿನ ಕೂಡೂದು? ಕಾವು ಏರಿಸೋಣ. ಮಾತಾದ್ರೂ ಬರ್ತದ."

"ನಾಲ್ಕು ದಿನ ಕೊಡ್ರಿ ಸರ್. ಲೆಕ್ಕ ನಾ ಮತ್ತೊಮ್ಮೆ ಮೊದಲಿಂದ ಮಾಡ್ತೀನಿ."

ಅವಳು ಆ ಕರಿಹಲಗೆಯ ಪಟ ತೆಗೆದಿಟ್ಟುಕೊಂಡಿದ್ದಳು. ಒಂದೊಂದು ಸಾಲನ್ನೂ ತಾನೇ ಕಟ್ಟಿ ನೋಡುತ್ತ ಬಂದಳು. ಮೊದಲ ದಿನ ಎಲ್ಲ ಸರಿ. ಎರಡನೆಯ ದಿನ ಒಂದು ಕಡೆ ಅವಳ ಪೆನ್ನು ನಿಂತಿತು. ಕಾಳು ದಿಬ್ಬ ದಾಟಿ ಆಚೆ ಹೋಗುವ ಸಮಯವನ್ನು ಮೇಡಂ ಲೆಕ್ಕ ಹಾಕಿದ್ದರು; ತಾಳದ ಒಂದು ಪೂರ್ತಿ ಸುತ್ತಿನಲ್ಲಿ ಅದು ಮರಳಿ ಬರುವ ಸಮಯವೂ ಸೇರಬೇಕು. ಅದನ್ನು ಬಿಟ್ಟಿದ್ದರು. ಎರಡರ ಒಂದು ಗುಣಕ. ತಾಳ ಇಮ್ಮಡಿ ನಿಧಾನವಾಗಿರಬೇಕಿತ್ತು.

ಸಂತೋಷವಾಗಬೇಕಿತ್ತು. ಬದಲಿಗೆ ಅವಳಿಗೆ ಅಳು ಬಂತು. ಮೇಡಂ ತರಗತಿಯಲ್ಲಿ ಇಂಥ ತಪ್ಪು ಮಾಡಿದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಅವರಿಗೆ ಉಳಿದಿರುವ ಒಂದೇ ಒಂದು ನೆಲ ಅದು. ಅಲ್ಲೂ ಬಿರುಕಿದೆ ಎಂದು ಯಾವ ಬಾಯಿಂದ ಹೇಳುವುದು? ಯಾರಿಗೂ ಹೇಳದೆ ಯಂತ್ರದಲ್ಲಿ ತಾಳ ಬದಲಾಯಿಸಿಬಿಟ್ಟರೆ? ಮಾಸ್ತರರೂ ಗಮನಿಸಲಿಕ್ಕಿಲ್ಲ.

ಆದರೆ ಹಾಗೆ ಮಾಡುವುದು ಮೇಡಂ ಅವರನ್ನು ಲೆಕ್ಕದ ಮನುಷ್ಯರೆಂದು ಗಣಿಸುವುದನ್ನೇ ಬಿಟ್ಟಂತೆ. ಅವಳು ಧಾರವಾಡಕ್ಕೆ ಹೋದಳು. ಹಲಗೆಯ ಮೇಲೆ ಆ ಸಾಲನ್ನು ಮತ್ತೆ ಬರೆದಳು. ಕಾಳು ಆಚೆ ಹೋಗುವ ಬಾಣ, ಈಚೆ ಬರುವ ಬಾಣ, ಎರಡನ್ನೂ ಬರೆದು ಪಕ್ಕದಲ್ಲಿ ಸಣ್ಣದಾಗಿ ಎರಡರ ಅಂಕಿ ಬರೆದಳು. ಮೇಡಂ ಮುಖ ನೋಡಲು ಧೈರ್ಯವಾಗದೆ ಹಲಗೆಯ ಕಡೆಗೇ ತಿರುಗಿ ನಿಂತಳು.

ಹಿಂದೆ ಗಾಲಿಗಳು ಉರುಳಿದ ಸಪ್ಪಳ. ಮೇಡಂ ಹಲಗೆಯ ಹತ್ತಿರ ಬಂದು ಆ ಅಂಕಿಯನ್ನೇ ದಿಟ್ಟಿಸಿದರು. ಹುಬ್ಬು ಗಂಟಿಕ್ಕಿತು, ತುಟಿ ಅಲುಗಿತು, ಬೆರಳಿನಿಂದ ಗಾಳಿಯಲ್ಲೇ ಏನೋ ಕೂಡಿಸಿ ಕಳೆದರು. ಆಮೇಲೆ ತಮ್ಮ ಹಣೆಯನ್ನು ತಾವೇ ಮೆಲ್ಲಗೆ ತಟ್ಟಿಕೊಂಡು, ಸೀಮೆಸುಣ್ಣ ತೆಗೆದುಕೊಂಡು, ಜೈತೂನ್ ಬರೆದ ಅಂಕಿಯ ಪಕ್ಕದಲ್ಲಿ ದೊಡ್ಡದಾಗಿ ಒಂದು ಸರಿ ಗುರುತು ಹಾಕಿದರು. ಎಡಗೈಯಿಂದ ಅವಳ ಗಲ್ಲ ಹಿಡಿದು ಅಲುಗಿಸಿದರು. ಆ ಕಣ್ಣುಗಳಲ್ಲಿದ್ದ ಹೆಮ್ಮೆಯನ್ನು ಜೈತೂನ್ ತನ್ನ ಪಿಎಚ್.ಡಿ. ದಿನವೂ ಕಂಡಿರಲಿಲ್ಲ. ಅವಳು ಅವರ ಮೊಣಕಾಲಿಗೆ ಹಣೆಯಿಟ್ಟು ಅತ್ತಳು, ಅವರು ಅಳಗೊಟ್ಟರು.

"ಇನ್ನೂ ನಿಧಾನ ಹೇಳಬೇಕ್ರಿ ಸರ್, ಅರ್ಧ ವೇಗ," ಎಂದು ಮರುದಿನ ಪ್ರಯೋಗಶಾಲೆಯಲ್ಲಿ ಜೈತೂನ್ ಹೇಳಿದಾಗ ಮಾಸ್ತರರು, "ಮೊದಲ ಹೇಳಬಾರದಾ? ಬಿನ್ನೆತ್ತ್ಯಾಗಿನ ಸಣ್ಣ ಹುಡುಗ್ರಿಗೆ ಹಂಗ ಕಲಿಸ್ತಿದ್ದೆ ನಾ," ಎಂದರು. ಡಾ. ಚೌಗಲೆ ತಿದ್ದಿದ ಲೆಕ್ಕವನ್ನು ಎರಡು ಸಲ ಓದಿ, ಹೋಗಿ ಪರದೆಯ ಮುಂದೆ ಕೂತರು.

ಎರಡು, ಮೂರು, ನಾಲ್ಕರ ಮಗ್ಗಿಗಳು ಹೋದವು. ದಿನಗಳೂ ಹೋದವು. ಒಂದು ಬೆಳಿಗ್ಗೆ ಏಳರ ಮಗ್ಗಿ ನಡೆದಿತ್ತು. ಆಟದ ಬಯಲಿನಲ್ಲಿ ಜೋಕಾಲಿ ತೂಗಿದಷ್ಟು ನಿಧಾನ. "ಏಳ ಆರ್ಲೆ ನಲವತ್ತೆರಡು. ಏಳ ಏಳ್ಲೆ..." ಮಾಸ್ತರರಿಗೆ ಕೆಮ್ಮು ಬಂದು ಸಾಲು ಅರ್ಧಕ್ಕೇ ನಿಂತಿತು.

"ನಲವತ್ತೊಂಬತ್ತು," ಎಂದರು ಮೇಡಂ.

ಮೇಡಂ ತಾವೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಗಾಜಿನಾಚೆ ಡಾ. ಚೌಗಲೆ ಕುರ್ಚಿಯಿಂದ ಅರ್ಧ ಎದ್ದವರು ಹಾಗೇ ನಿಂತಿದ್ದರು. ಮಾಸ್ತರರು ಮಾತ್ರ ಕೆಮ್ಮನ್ನು ನುಂಗಿ, ಎಷ್ಟೋ ಮಕ್ಕಳ ಮುಂದೆ ನಿಂತು ಅಭ್ಯಾಸವಾದ ದನಿಯಲ್ಲಿ ಮುಂದುವರಿಸಿದರು: "ಏಳ ಎಂಟ್ಲೆ?"

"ಐವತ್ತ... ಐವತ್ತಾರು."

ಕಾವನ್ನು ಅಲ್ಲಿಂದ ದಿನದಿನಕ್ಕೆ ನೂಲೆಳೆಯಷ್ಟು ಇಳಿಸುತ್ತ ಬಂದರು. ಮೊದಲು ಅಂಕಿಗಳು ಬಂದವು. ಆಮೇಲೆ ನೀರು, ಹೂಂ, ಒಲ್ಲೆ, ಬಾ. ಒಂದು ರವಿವಾರ ಮಧ್ಯಾಹ್ನ ಜೈತೂನ್ ಆ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಮೇಡಂ ಸಾರನ್ನು ಬಾಯಿಗಿಟ್ಟು ಮುಖ ಸಿಂಡರಿಸಿದರು.

"ವಸಂತಾ. ಉಪ್ಪು... ಎಷ್ಟು ಹಾಕೀರಿ? ಸಮುದ್ರ ಮಾಡೀರಿ."

ಮಾಸ್ತರರು ಸೌಟು ಹಿಡಿದವರು ಹಾಗೇ ನಿಂತರು. "ಬೈ," ಎಂದರು. "ಇನ್ನೂ ಬೈ ಇಂದೂ. ಎರಡು ವರ್ಷದ್ದು ಬಾಕಿ ಅದ." ಸಾರಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಜೈತೂನ್, ಮೇಡಂ ಇಬ್ಬರೂ ಉಪ್ಪಾದ ಸಾರನ್ನೇ ಕಲಸಿ ಉಂಡರು.

ಎಲ್ಲವೂ ಮರಳಲಿಲ್ಲ. ಗಣಿತಕ್ಕೆ ಏನಾಗುತ್ತದೋ ಎಂದು ಎಲ್ಲರೂ ಅದನ್ನೇ ಕಾಯುತ್ತಿದ್ದರು. ಗಣಿತ ಕೂದಲೂ ಕೊಂಕದೆ ಉಳಿಯಿತು. ಹೋದದ್ದು ಇಂಗ್ಲಿಷು. ಪಾರ್ಶ್ವವಾಯು ತಿಂದಿತ್ತೋ, ಕಾವು ಕರಗಿಸಿತೋ ಹೇಳುವಂತಿರಲಿಲ್ಲ. ತಾವೇ ಬರೆದ ಸಂಶೋಧನಾ ಲೇಖನವನ್ನು ಬಿಚ್ಚಿದರೆ ಸಮೀಕರಣಗಳು ಓದಿಸಿಕೊಳ್ಳುತ್ತಿದ್ದವು, ನಡುವಿನ ವಾಕ್ಯಗಳು ಇರುವೆಯ ಸಾಲಿನಂತೆ ಕಾಣುತ್ತಿದ್ದವು. ಒಂದು ಇಡೀ ದಿನ ಮೇಡಂ ಯಾರೊಂದಿಗೂ ಮಾತಾಡಲಿಲ್ಲ. ಆ ಕುಲಾಯಿ ತೊಡಿಸಿದ್ದು ಜೈತೂನಳ ಕೈ.

ಅವಳು ಹೋಗಿ ತಲೆತಗ್ಗಿಸಿ ನಿಂತಾಗ ಮೇಡಂ ಪಕ್ಕದ ಕುರ್ಚಿ ತೋರಿಸಿದರು. ಮಾತು ಹುಡುಕಿ ಹುಡುಕಿ ತರಬೇಕಾಗಿತ್ತು, ಆದರೆ ತರುತ್ತಿದ್ದರು.

"ಮತ್ತ ಕಲೀತೀನಿ. ನೀ... ಕಲಿಸು."

"ನಾನಾ? ನನ್ನ ಇಂಗ್ಲಿಷ್ ಹ್ಯಾಂಗದ ಅಂತ ನಿಮಗ ಗೊತ್ತಲ್ರೀ ಮೇಡಂ!"

"ಗೊತ್ತದ. ಅದಕ್ಕ... ಸಾವಕಾಶ ಕಲಿಸ್ತಿ."

ಹೀಗೆ ರವಿವಾರಗಳು ಮತ್ತೆ ತುಂಬಿಕೊಂಡವು. ಒಂದು ತಾಸು ಜೈತೂನ್ ಕಲಿಸುವಳು, ಒಂದು ತಾಸು ಮೇಡಂ. ಸುದ್ದಿ ತಿಳಿದು ಎಂ.ಎಸ್ಸಿ.ಯ ನಾಲ್ಕೈದು ಹುಡುಗಿಯರು ಪಡಸಾಲೆಗೆ ಬರತೊಡಗಿದರು. ನವಲಗುಂದದವಳೊಬ್ಬಳು, ಎಂಟ್ರೊಪಿ ತಿಳಿಯದೆ ಹಾಸ್ಟೆಲಿನಲ್ಲಿ ಅಳುತ್ತಿದ್ದವಳು, ಮೇಡಂ ತಡೆದು ತಡೆದು ಆಡುವ ಮಾತು ತನ್ನ ಬರವಣಿಗೆಯ ವೇಗಕ್ಕೆ ಸರಿಯಾಗಿದೆ ಎಂದಳು. ಇಮಾಮಸಾಬ ಅವರಿಗೆಲ್ಲ ಕೂರಲು ತೆಳ್ಳಗಿನ ಒಂದೊಂದು ಗಾದಿ ಹೊಲಿದುಕೊಟ್ಟ. ಬಾಗಿಲಲ್ಲಿ ನಿಂತು ಮೇಡಂ ಅವರಿಗೆ ಕೈಮುಗಿದ, ಮೇಡಂ, "ಒಳಗ... ಬರ್ರಿ, ಚಾ ಕುಡೀರಿ," ಎಂದಾಗ ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಬಂದ.

ಅದೇ ತಿಂಗಳು ಕೇಂದ್ರಕ್ಕೆ ಹೊಸ ರೋಗಿ ಬಂದ. ಹನಮಂತ, ಬಸ್ ಕಂಡಕ್ಟರ್, ವಯಸ್ಸು ನಲವತ್ತೂ ಆಗಿಲ್ಲ. ಅವನ ನಾಲಗೆಗೆ ಅಂಟಿ ಉಳಿದಿದ್ದ ಮಾತು "ಮುಂದ ನಡೀರಿ". ಕುಲಾಯಿಯನ್ನು ಕಂಡು ಹೆದರಿ ಅವನು ಕುರ್ಚಿಯ ಕೈ ಬಿಗಿಹಿಡಿದು ಕೂತುಬಿಟ್ಟ. ಹೆಂಡತಿ ಎಷ್ಟು ಹೇಳಿದರೂ ಒಪ್ಪಲಿಲ್ಲ. ಡಾ. ಚೌಗಲೆ ಜೈತೂನಳ ಕಡೆ ನೋಡಿದರು. ಜೈತೂನ್ ಧಾರವಾಡಕ್ಕೆ ಫೋನ್ ಮಾಡಿದಳು.

ಮೇಡಂ ಮಧ್ಯಾಹ್ನದ ಹೊತ್ತಿಗೆ ಬಂದರು. ಗಾಲಿಕುರ್ಚಿಯಿಲ್ಲದೆ, ವ್ಯಾಯಾಮದಿಂದ ಪಳಗಿದ ಕಾಲಲ್ಲಿ, ಎಡಗೈಯಲ್ಲಿ ಕೋಲೂರಿ, ಮಾಸ್ತರರ ಭುಜಕ್ಕೆ ಆತು, ತಾವೇ ನಡೆದು ಬಂದರು. ಹನಮಂತನ ಎದುರಿನ ಸ್ಟೂಲಿನ ಮೇಲೆ ಕೂತು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ನಂಗೂ ಹಿಂಗ... ಇತ್ತಪಾ. ಒಂದ... ಒಂದ ಮಾತು. ಎಲ್ಲಾರೂ ನಗ್ತಿದ್ರು. ನಾನೂ ನಗ್ತಿದ್ದೆ. ಒಳಗ ಅಳ್ತಿದ್ದೆ." ಉಸಿರು ತೆಗೆದುಕೊಂಡರು. "ಅಂಜಬ್ಯಾಡ. ಈ ಹುಡುಗಿ... ಭಾಳ ಸಾವಕಾಶ ಮಾಡ್ತಾಳ. ನನ್ನ ತಪ್ಪನ್ನೂ... ತಿದ್ದ್ಯಾಳ."

ಹನಮಂತನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹನಮಂತನ ಬೆರಳುಗಳು ಕುರ್ಚಿಯ ಕೈಯಿಂದ ಒಂದೊಂದಾಗಿ ಸಡಿಲಿದವು. ಕಣ್ಣು ತುಂಬಿ ಬಂದಿತ್ತು. ಏನೇನೋ ಹೇಳಲು ಅವನು ಬಾಯಿ ತೆರೆದ. ಕೊನೆಗೆ ಬಂದದ್ದು ಅದೊಂದೇ.

"ಮುಂದ ನಡೀರಿ."

ಮೇಡಂ ತಮ್ಮ ಎಡಗೈಯಲ್ಲಿ ಅವನ ಕೈಯನ್ನು ಹಿಡಿದುಕೊಂಡು ಎದ್ದರು.

"ಹೂಂ," ಎಂದರು. "ನಡಿಯಪಾ, ಕೂಡೇ ಹೋಗೂಣು."